ಒಂದೇ ಮಗ್ಗುಲಿಗೆ ಬಣ್ಣ ಬಳಿದ ಎಂಜಿನ್

ಬಾಳೆಲೆಯ ಪಕ್ಕಕ್ಕೆ ಎಂಜಿನ್ ತಂದಿಟ್ಟವನು ಹಿತೇಶ್. ಯಾರನ್ನೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಸತ್ತವರನ್ನು ಮನೆಯೊಳಗೆ ಕರೆದು ಬಡಿಸುವ ದಿನ ಅವರು ಇಷ್ಟಪಟ್ಟದ್ದನ್ನೆಲ್ಲ ಎಲೆಯ ಹತ್ತಿರ ಇಡುವುದು ರೂಢಿ. ಕೋಳಿ ಸಾರು, ರೊಟ್ಟಿ, ಹುರಿದ ಬಂಗುಡೆ, ಗ್ಲಾಸಿನ ತಳಕ್ಕೆ ಒಂದಿಷ್ಟು ರಮ್ಮು ಎಲ್ಲ ಆಗಿತ್ತು. ಇವೆಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಗಾಜಿನ ಕಪಾಟಿನ ನಡುವಿನ ಅರೆಯಲ್ಲಿ ನಿಂತಿತ್ತು. ಹಿತೇಶ್ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಚೆಂದದ ಮಗ್ಗುಲು ಎಲೆಯ ಕಡೆಗೆ ಬರುವ ಹಾಗೆ ಇಟ್ಟ. ಉಣ್ಣುವವರು ನೋಡಿಕೊಂಡು ಉಣ್ಣಲಿ ಎಂದು.

ಲಾವಣ್ಯಾ ಎದುರಿನ ಗೋಡೆಗೆ ಒರಗಿ ನಿಂತಿದ್ದಳು. ಹಾಗಾಗಿ ಅವಳ ಕಡೆಗೆ ತಿರುಗಿದ್ದು ಎಂಜಿನ್ನಿನ ಹಿಂದಿನ ಮಗ್ಗುಲು.

ಅದಕ್ಕೂ ಬಣ್ಣ ಬಳಿದಿತ್ತು.

ಇನ್ನೊಮ್ಮೆ ನೋಡಿದಳು. ಗಿಳಿ ಹಸಿರಿನ ಬಾಯ್ಲರು, ಹಳದಿ ಗೆರೆ, ಕಪ್ಪು ಚಕ್ರ, ಡ್ರೈವರನ ಕಿಟಕಿಯ ಕೆಳಗೆ ಬಿಳಿ ಅಕ್ಷರದಲ್ಲಿ ‘ಬಿಜಲಿ’. ಎಲ್ಲ ಅಚ್ಚುಕಟ್ಟಾಗಿತ್ತು. ಆದರೆ ಆ ಮಗ್ಗುಲಿನಲ್ಲಿ ಇರಬೇಕಾದದ್ದು ಬರೀ ಮರ.

ಘಾಟ್ಕೋಪರಿನ ಈ ಫ್ಲಾಟಿನಲ್ಲಿ, ಇದೇ ಕಪಾಟಿನ ಕೆಳಗೆ ಅವಳ ಸೋದರಮಾವ ಧನರಾಜ್ ತಲೆಯೊಡೆದು ಸತ್ತು ಬಿದ್ದಿದ್ದರು; ಅವರಾಗಿ ಬಿದ್ದದ್ದಲ್ಲ, ಯಾರೋ ತೋಳು ಹಿಡಿದು ತಳ್ಳಿದ್ದು ಎಂದು ಡಾಕ್ಟರು ಹೇಳಿದ ಮೇಲೆ ಪೊಲೀಸರು ಹಿಡಿದದ್ದು ಅಡುಗೆಯ ದೂಜನನ್ನು. ಅವಿವಾಹಿತ ಧನರಾಜರ ಜೊತೆ ಅದೇ ಮನೆಯಲ್ಲಿ ಬಾಳಿದವನು ದೂಜ. ಆ ದಿನ ಯಾರೂ ಬರಲಿಲ್ಲ, ಮನೆಯಲ್ಲಿ ನಾವಿಬ್ಬರೇ ಇದ್ದದ್ದು ಎಂದು ಅವನೇ ಹೇಳಿಕೆ ಕೊಟ್ಟಿದ್ದ. ಹಾಗಾದರೆ ಉಳಿದವನು ನೀನೇ ಅಲ್ಲವೇ ಎಂದರು ಪೊಲೀಸರು. ಹೌಸಿಂಗ್ ಸೊಸೈಟಿಯ ಕ್ಯಾಮೆರಾ ಮಳೆಗಾಲದಲ್ಲಿ ಕೆಟ್ಟದ್ದು, ರಿಪೇರಿಯ ಮಾತು ಇನ್ನೂ ಮೀಟಿಂಗಿನಲ್ಲೇ ಇತ್ತು.

ನಾಳೆ ದೂಜನನ್ನು ಕೋರ್ಟಿಗೆ ಒಯ್ಯುತ್ತಾರೆ. ಅಷ್ಟರೊಳಗೆ ಏನೂ ಸಿಗದಿದ್ದರೆ ಅಲ್ಲಿಂದ ಸೀದಾ ಜೈಲು. ಎಪ್ಪತ್ತು ದಾಟಿದ ಮನುಷ್ಯ, ಸಕ್ಕರೆ ಕಾಯಿಲೆ ಬೇರೆ. ಒಮ್ಮೆ ಒಳಗೆ ಹೋದರೆ ಜೀವಂತ ಹೊರಗೆ ಬಂದಾನೆಂಬ ನಂಬಿಕೆ ವಕೀಲ ದೇವಾನಂದರಿಗೂ ಇರಲಿಲ್ಲ. ಅವನನ್ನು ಬಿಡಿಸಿಯೇ ತರುತ್ತೇನೆಂದು ಮಾತು ಕೊಟ್ಟವಳು ಲಾವಣ್ಯಾ. ದಾದರಿನ ಒಂದು ಕೋಣೆಯ ಆಫೀಸಿನಲ್ಲಿ ಕುಳಿತು ಮದುವೆಯ ಹುಡುಗರ ಪೂರ್ವಾಪರ ಕೆದಕುವುದು, ಸುಳ್ಳು ಇನ್ಶೂರೆನ್ಸ್ ಕ್ಲೈಮುಗಳ ಬೆನ್ನು ಹತ್ತುವುದು ಅವಳ ಕಸುಬು. ಕೊಲೆ ಅವಳ ಪಾಲಿಗೆ ಬಂದದ್ದು ಇದೇ ಮೊದಲು. ಬಂದದ್ದೂ ಮನೆಯೊಳಗೇ.

ಮಾಮ ಸತ್ತ ಸುದ್ದಿ ಕೇಳಿದಾಗಿನಿಂದ ಅವಳಿಗೆ ಏನೂ ಅನ್ನಿಸಿರಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬರಲಿಲ್ಲ. ಹಸಿದಾಗ ಉಂಡಳು, ನಿದ್ದೆ ಬಂದಾಗ ಮಲಗಿದಳು. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡಾಗ ಕೆನ್ನೆ ಇದ್ದೂ ಇಲ್ಲದ ಹಾಗೆ ಆಗುತ್ತದಲ್ಲ, ಅವಳು ಇಡೀ ಹಾಗೆ ಆಗಿದ್ದಳು. ಎಂಜಿನ್ನಿನ ಬೆನ್ನಿಗೆ ಬಣ್ಣ ಕಂಡಾಗಲೂ ಮೈ ಜುಮ್ಮೆನ್ನಲಿಲ್ಲ. ತಲೆ ಮಾತ್ರ ತನ್ನ ಪಾಡಿಗೆ ಕೆಲಸ ಶುರುಮಾಡಿತು.

ಬಡಿಸಿಯಾದ ಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ಸತ್ತವರು ಉಣ್ಣುವಾಗ ಬದುಕಿದ್ದವರು ಎದುರಿಗೆ ಇರಬಾರದು. ಊರಿನಲ್ಲಾದರೆ ಅಂಗಳ ಉಂಟು. ಇಲ್ಲಿ ಇದ್ದದ್ದು ಲಿಫ್ಟಿನ ಮುಂದಿನ ಇಕ್ಕಟ್ಟು ಪ್ಯಾಸೇಜು. ಎದುರು ಮನೆಯ ಗುಜರಾತಿ ಹೆಂಗಸು ಹಾಲಿನ ಚೀಲ ಹಿಡಿದು ಲಿಫ್ಟಿನಿಂದ ಹೊರಬಂದವಳು, ಬಾಯಿ ಮುಚ್ಚಿ ಸಾಲಾಗಿ ನಿಂತವರನ್ನು ಕಂಡು, ತಾನೂ ಎರಡು ನಿಮಿಷ ತಲೆ ತಗ್ಗಿಸಿ ನಿಂತು ಒಳಗೆ ಹೋದಳು.

ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ನಿಂತವಳು ಲಾವಣ್ಯಾಳ ತಾಯಿ ಶೀಲಾವತಿ. ತಮ್ಮನ ಹೆಸರು ಹೇಳಿ ಕರೆದು ಎಲೆಗೆ ಬಡಿಸಿದವಳೂ ಅವಳೇ. ಸೆರಗನ್ನು ಹೆಗಲ ತುಂಬ ಹೊದ್ದು, ಕಣ್ಣನ್ನು ನೆಲಕ್ಕೆ ನೆಟ್ಟಿದ್ದಳು.

ಲಾವಣ್ಯಾ ಹಿತೇಶನ ಪಕ್ಕಕ್ಕೆ ಸರಿದಳು. ಹಿತೇಶ್ ಧನರಾಜರ ಹೋಟೆಲಿನ ಪಾಲುದಾರರ ಮಗ. ಅಪ್ಪ ತೀರಿಕೊಂಡ ಮೇಲೆ ಗಲ್ಲಾದಲ್ಲಿ ಕೂರುವವನು ಅವನೇ. ಧನರಾಜರನ್ನು ಅಂಕಲ್ ಎನ್ನುತ್ತಿದ್ದ, ಅವರು ಅವನನ್ನು ಮನೆಯ ಮಗ ಎನ್ನುತ್ತಿದ್ದರು. ಎಂಜಿನ್ನುಗಳ ಹುಚ್ಚು ಹತ್ತಿದ್ದೂ ಅವರಿಂದಲೇ. ಈಗ ಕಪಾಟನ್ನು ಇಡಿಯಾಗಿ ಕೊಳ್ಳುವವರೊಬ್ಬರು ಪುಣೆಯಲ್ಲಿ ಇದ್ದಾರೆಂದು ಸಾವಿನ ಮನೆಯಲ್ಲೇ ಎರಡು ಸಲ ಹೇಳಿಯಾಗಿತ್ತು.

ಬಿಜಲಿಯ ಹಿಂದಿನ ಮಗ್ಗುಲನ್ನು ಯಾವತ್ತಾದರೂ ನೋಡಿದ್ದೀಯಾ ಎಂದು ಮೆಲ್ಲನೆ ಕೇಳಿದಳು.

“ಅಂಕಲ್ ಟಚ್ ಮಾಡ್ಲಿಕ್ಕೇ ಬಿಡ್ತಿರ್ಲಿಲ್ಲ ದೀದಿ. ಇವತ್ತೇ ಫಸ್ಟ್ ಟೈಮ್ ಕೈಯಲ್ಲಿ ಹಿಡಿದದ್ದು,” ಎಂದ ಹಿತೇಶ್. “ಯಾಕೆ? ಎರಡೂ ಸೈಡ್ ಸೇಮ್ ಅಲ್ವಾ?”

ಅವನ ಮುಖದಲ್ಲಿ ಏನೂ ಅಡಗಿಸಿದಂತಿರಲಿಲ್ಲ. ಗಲ್ಲಾದಲ್ಲಿ ಕುಳಿತವರ ಮುಖ ಯಾವಾಗಲೂ ಹಾಗೇ ಇರುತ್ತದೆ.

ಟಿವಿಯಲ್ಲಿ ಓಡಿದ ಎಂಜಿನ್ನುಗಳನ್ನು ಮಾತ್ರ ಕೂಡಿಡುವ ಒಂದು ಸಣ್ಣ ಪಂಗಡ ಮುಂಬಯಿಯಲ್ಲಿದೆ. ಹೊಟ್ಟೆಗೆ ಬಟ್ಟೆಗೆ ಇದ್ದವರೇ ಎಲ್ಲ. ನಿಜವಾದ ರೈಲಿನ ಮೇಲೆ ಅವರಿಗೆ ಅಂಥ ಗೌರವವೇನೂ ಇಲ್ಲ. ದಿನಾ ಲೋಕಲ್ಲಿನಲ್ಲಿ ನೇತಾಡುವವರಿಗೆ ಅದು ಬರುವುದಾದರೂ ಹೇಗೆ? ಅವರ ರೈಲುಗಳೆಲ್ಲ ಬಾಲ್ಯದ ಭಾನುವಾರಗಳಲ್ಲಿ, ಪಕ್ಕದ ಮನೆಯ ಟಿವಿಯಲ್ಲಿ ಓಡಿದವು. ವಿಲಾಯಿತಿ ಹಳ್ಳಿಯ ಪುಟ್ಟ ಸ್ಟೇಷನ್ನಿನ ಸೀರಿಯಲ್ಲು, ಕುದುರೆ ಸವಾರರು ಅಟ್ಟಿಸಿಕೊಂಡು ಬರುವ ಅಮೆರಿಕದ ಸೀರಿಯಲ್ಲು, ದೂರದರ್ಶನದ ನಮ್ಮವೇ ಕೆಲವು. ಪರದೆಯ ಮೇಲೆ ಕಂಡದ್ದೇ ಅವರಿಗೆ ಪ್ರಮಾಣ. ಒಂದು ಕಂತಿನಲ್ಲಿ ಬಿಜಲಿಯ ನಂಬರು ಒಂದಿತ್ತು, ಮುಂದಿನ ಕಂತಿನಲ್ಲಿ ಬೇರೆಯಿತ್ತು. ಯಾವುದು ಸರಿಯೆಂದು ಜಗಳವಾಡಿ ಧನರಾಜರ ಹೋಟೆಲಿನ ಮಾಳಿಗೆಯಲ್ಲಿ ಇಬ್ಬರು ಗೆಳೆಯರು ಶಾಶ್ವತವಾಗಿ ಮಾತು ಬಿಟ್ಟಿದ್ದರು.

ಆ ಪಂಗಡದಲ್ಲಿ ಧನರಾಜರಿಗೆ ದೊಡ್ಡ ಮರ್ಯಾದೆ. ಬೇರೆಯವರ ಬಳಿ ಇದ್ದದ್ದು ಸೀರಿಯಲ್ಲು ನೋಡಿ ಮಾಡಿದ ಮಾದರಿಗಳು. ಇವರ ಬಳಿ ಸೀರಿಯಲ್ಲಿನಲ್ಲೇ ಓಡಿದ ಎಂಜಿನ್ನು. ‘ಸಾತ್ಪುಡಾ ಮೇಲ್’ ಎಂಬ ಧಾರಾವಾಹಿಯಲ್ಲಿ ಮಂಜಿನ ನಡುವೆ, ಎತ್ತರದ ಸೇತುವೆಯ ಮೇಲೆ ಬರುತ್ತಿದ್ದ ರೈಲು ನಿಜದ್ದಲ್ಲ, ಗೋರೆಗಾಂವಿನ ಸ್ಟುಡಿಯೋದಲ್ಲಿ ಮೊಳದುದ್ದದ ಮರದ ಎಂಜಿನ್ನು. ಅದನ್ನು ಕೆತ್ತಿದ ಬಡಗಿ ಈಶ್ವರ.

ಈಶ್ವರ ಲಾವಣ್ಯಾಳ ಅಪ್ಪ.

ಕ್ಯಾಮೆರಾ ನೋಡುವುದು ಒಂದೇ ಕಡೆಯಿಂದ. ಕಾಣದ ಕಡೆಗೆ ಬಣ್ಣ ಬಳಿಯುವುದು ದಂಡ ಎನ್ನುವುದು ಸ್ಟುಡಿಯೋದ ಬಡಗಿಗಳ ರೂಢಿ. ಹೀಗಾಗಿ ಬಿಜಲಿಯ ಎಡ ಮಗ್ಗುಲು ಹೊಳೆಯುತ್ತಿತ್ತು, ಬಲ ಮಗ್ಗುಲಿನಲ್ಲಿ ಹಲಗೆಯ ಗಂಟು, ಉಳಿಯ ಗೀರು, ಪೆನ್ಸಿಲಿನ ಗುರುತು. ಧಾರಾವಾಹಿ ಮುಗಿದಾಗ ಸ್ಟುಡಿಯೋದವರು ಎಸೆಯಲಿದ್ದದ್ದನ್ನು ಅಪ್ಪ ಮನೆಗೆ ತಂದಿದ್ದ. ಆ ಬರಿಯ ಮರದ ಮೇಲೆ ಬೆರಳಾಡಿಸುತ್ತ ಲಾವಣ್ಯಾ ಬೆಳೆದಳು. ಅಪ್ಪ ತೀರಿಕೊಂಡ ವರ್ಷ ಮಾಮ ಬಂದು, ಮನೆಯಲ್ಲಿದ್ದರೆ ಹಾಳಾಗುತ್ತದೆ, ನಾನು ಜೋಪಾನ ಮಾಡುತ್ತೇನೆ ಎಂದು ಎತ್ತಿಕೊಂಡು ಹೋದರು. ಜೋಪಾನವನ್ನೂ ಮಾಡಿದರು. ಕಪಾಟಿನ ಹಿಂಬದಿ ಗೋಡೆಯಾದ್ದರಿಂದ ಬರಿಯ ಮಗ್ಗುಲು ಯಾರಿಗೂ ಕಂಡದ್ದಿಲ್ಲ. ಅಸಲಿ ಎನ್ನುವುದಕ್ಕೆ ಆ ಬರಿಯ ಮರವೇ ಸಾಕ್ಷಿ, ಅದನ್ನು ಯಾರಿಗೂ ಹೇಳಬೇಡ ಎಂದು ಮಾಮ ಅವಳಿಗೆ ತಾಕೀತು ಮಾಡಿದ್ದರು. ಹೇಳಿದರೆ ನಾಳೆ ಎಲ್ಲರೂ ಅರ್ಧ ಬಣ್ಣದ ಎಂಜಿನ್ ಮಾಡಿಸಿ ಇಟ್ಟುಕೊಳ್ಳುತ್ತಾರಂತೆ.

ಈಗ ಎಲೆಯ ಬಳಿ ಇದ್ದದ್ದು ನಕಲಿ. ಅಸಲಿಯನ್ನು ಯಾರೋ ಒಯ್ದಿದ್ದಾರೆ.

ಪ್ಯಾಸೇಜಿನಲ್ಲಿ ನಿಂತೇ ಲಾವಣ್ಯಾ ಒಂದೊಂದಾಗಿ ಜೋಡಿಸಿದಳು. ಎರಡೂ ಮಗ್ಗುಲಿಗೆ ಬಣ್ಣ ಬಳಿಸಿದವನಿಗೆ ಅಸಲಿಯ ಹಿಂಬದಿ ಗೊತ್ತಿರಲಿಲ್ಲ. ದೂಜ ದಿನಾ ಬೆಳಿಗ್ಗೆ ಅದನ್ನು ಎತ್ತಿ, ಹಳೆಯ ಬನಿಯನ್ನಿನ ತುಂಡಿನಲ್ಲಿ ಧೂಳು ಒರೆಸುತ್ತಿದ್ದ. ಕದಿಯುವುದೇ ಆಗಿದ್ದರೆ ಅವನು ಇಂಥ ನಕಲಿಯನ್ನು ತಂದಿಡುತ್ತಿರಲಿಲ್ಲ. ಇಟ್ಟವನು ಕಪಾಟಿನ ಗಾಜಿನಾಚೆಯಿಂದ ಮಾತ್ರ ಬಿಜಲಿಯನ್ನು ನೋಡಿದವನು. ಅದಲುಬದಲು ಮಾಡುವಾಗ ಮಾಮನ ಕೈಗೆ ಸಿಕ್ಕಿಬಿದ್ದಿದ್ದಾನೆ, ತಳ್ಳಿದ್ದಾನೆ.

ಹಿತೇಶ್ ಫೋನು ನೋಡುತ್ತಿದ್ದ.

ಶೀಲಾವತಿ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೆಜ್ಜೆಯಿಟ್ಟಳು. ಎಲೆ ತೆಗೆಯುವ ಗಡಿಬಿಡಿಯಲ್ಲಿ ಲಾವಣ್ಯಾ ಎಂಜಿನ್ನಿನ ಎರಡೂ ಕಡೆಯ ಫೋಟೋ ತೆಗೆದುಕೊಂಡಳು. ವಕೀಲರಿಗೆ ಫೋನು ಮಾಡಿ, ದೂಜನನ್ನು ಬಿಡಿಸುವ ದಾರಿ ಸಿಕ್ಕಿದೆ, ಸಂಜೆ ಠಾಣೆಯಲ್ಲಿ ಭೇಟಿಗೆ ಅನುಮತಿ ಕೇಳಿ ಎಂದಳು. ಇಂಥ ದಿನ ಮನೆ ಬಿಟ್ಟು ಹೋಗಬಾರದು, ಊಟವಾದರೂ ಮಾಡು ಎಂದಳು ಅಮ್ಮ. ಮಾಡಿಯೇ ಹೋಗುತ್ತೇನೆ ಎಂದು ಲಾವಣ್ಯಾ ನಿಂತಲ್ಲೇ ನಾಲ್ಕು ತುತ್ತು ನುಂಗಿದಳು. ರುಚಿ ತಿಳಿಯಲಿಲ್ಲ.

ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಗಾಡಿ ಹಿಡಿದಳು. ಹೆಂಗಸರ ಡಬ್ಬಿಯಲ್ಲಿ ಯಾರೋ ಕ್ಲಿಪ್ಪು, ಬಿಂದಿ ಮಾರುತ್ತಿದ್ದರು, ಯಾರೋ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಬಿಜಲಿಯಂಥ ಎಂಜಿನ್ನನ್ನು ನಕಲು ಮಾಡುವ ಕೈ ಊರಲ್ಲಿ ಹೆಚ್ಚಿಲ್ಲ. ಟಿವಿ ರೈಲಿನ ಪಂಗಡದವರು ಒಂದು ಚಕ್ರ ಮುರಿದರೂ ಓಡುವುದು ಆಂಟಾಪ್ ಹಿಲ್ಲಿನ ಜಹೀರನ ಬಳಿಗೆ.

ಜಹೀರ ವಿಜಯಪುರದ ಕಡೆಯವನು. ಬಿಲ್ಡರುಗಳಿಗೆ ಇನ್ನೂ ಕಟ್ಟದ ಕಟ್ಟಡಗಳ ಮಾದರಿ ಮಾಡಿಕೊಡುವುದು ಅವನ ದಂಧೆ. ಕಾಲನಿಯ ನೆಲಮಾಳಿಗೆಯ ಕೋಣೆಯಲ್ಲಿ ಮೇಜಿನ ತುಂಬ ಗಗನಚುಂಬಿ ಮನೆಗಳು, ಹತ್ತಿಯ ಮರಗಳು, ಬೆರಳುಗುರಿನಷ್ಟು ಕಾರುಗಳು. ಅವನ ಹೆಂಡತಿ ಶಬ್ರೀನ ಒಂದು ಮಾದರಿಯ ಈಜುಕೊಳಕ್ಕೆ ನೀಲಿ ಹಾಳೆ ಅಂಟಿಸುತ್ತಿದ್ದವಳು, ಕೂರಲು ಸ್ಟೂಲು ಕೊಟ್ಟು ಒಳಗೆ ಚಹಾಕ್ಕೆ ಇಟ್ಟಳು.

ಲಾವಣ್ಯಾ ಸುತ್ತಿ ಬಳಸಿ ಕೇಳಲಿಲ್ಲ. ಫೋಟೋ ಮುಂದೆ ಹಿಡಿದು, ಇದನ್ನು ಮಾಡಿದವನು ನೀನಾ, ಮಾಡಿಸಿದವನು ಹಿತೇಶನಾ ಎಂದಳು. ಕಾಯುವಷ್ಟು ಹೊತ್ತು ಉಳಿದಿರಲಿಲ್ಲ.

ಜಹೀರ ಕನ್ನಡಕವನ್ನು ಹಣೆಗೇರಿಸಿ ಫೋಟೋ ನೋಡಿದ. ಮಾಡಿದ್ದು ತಾನೇ ಎಂದು ಒಪ್ಪಿಕೊಳ್ಳುವುದಕ್ಕೆ ಅವನು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ಅದರಲ್ಲಿ ಅವನಿಗೆ ಅಂಜಿಕೆಯ ಬದಲು ಹೆಮ್ಮೆಯೇ ಇತ್ತು.

“ಹಿತೇಶ ಅಲ್ರಿ ಅಕ್ಕಾರ,” ಎಂದ. “ಧನರಾಜ ಸಾಹೇಬ್ರ ಮಾಡಿಸ್ಯಾರ. ಗಣಪತಿ ಹಬ್ಬದ ಮುಂಚೆ.”

ಆಗ ಲಾವಣ್ಯಾಳ ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಬೆಳಗಿನಿಂದ ಜೋಡಿಸಿಟ್ಟದ್ದೆಲ್ಲ ಕಳಚಿ ಬಿದ್ದದ್ದನ್ನು ಅವಳು ಬೇರೆ ಯಾರದೋ ಮನೆಯ ಪಾತ್ರೆ ಬಿದ್ದ ಹಾಗೆ ಕೇಳಿಸಿಕೊಂಡಳು.

ಮಾಮನೇ ಮಾಡಿಸಿದ್ದರೆ ಹಿಂಬದಿಗೆ ಬಣ್ಣ ಯಾಕೆ ಬಂತು ಎಂದು ಕೇಳಿದಳು. ಅವರಿಗೆ ಗೊತ್ತಿರಲಿಲ್ಲವೇ?

“ಗೊತ್ತಿತ್ರಿ. ಒಂದ ಮಗ್ಗಲಾ ಬರೇ ಕಟ್ಟಿಗಿ ಬಿಡು ಅಂದಿದ್ರು. ನನಗ ಹಂಗ ಬಿಡಾಕ ಮನಸ್ಸ ಬರ್ಲಿಲ್ಲ. ನಾಳೆ ಯಾರರ ನೋಡಿದ್ರ ಜಹೀರ ಅರ್ಧಾ ಕೆಲಸ ಮಾಡಿ ಕೊಟ್ಟಾನ ಅಂತಾರಲ್ರಿ?” ಅವನು ನಕ್ಕ. “ಬೈತಾರಂತ ತಿಳ್ದಿದ್ದೆ. ಬೈಲಿಲ್ಲ. ಇರ್ಲಿ ಬಿಡು, ತಿರುಗಿಸಿ ಯಾರ ನೋಡ್ತಾರ ಅಂದ್ರು.”

ತಿರುಗಿಸಿ ಯಾರು ನೋಡುತ್ತಾರೆ. ಮಾಮ ಹೇಳಿದ್ದರೆ ಹಾಗೆಯೇ ಹೇಳಿರುತ್ತಾರೆ. ಜೀವಮಾನವಿಡೀ ಟಿವಿಯಲ್ಲಿ ಕಂಡ ಮಗ್ಗುಲನ್ನೇ ಕೂಡಿಟ್ಟವರು, ಇನ್ನೊಂದು ಮಗ್ಗುಲನ್ನು ಬೇಕೆಂದೇ ನೋಡುವವರು ಇರುತ್ತಾರೆಂದು ಅವರಿಗೆ ಹೊಳೆಯಲಿಲ್ಲ.

ಅಸಲಿಯೊಂದು ಇರುವಾಗ ನಕಲಿ ಯಾರಿಗೆ? ಅದನ್ನೂ ಧನರಾಜರು ಜಹೀರನಿಗೆ ಹೇಳಿದ್ದರು. ಮನೆಯವರೊಬ್ಬರು ತುಂಬ ಕೇಳುತ್ತಿದ್ದಾರೆ, ಅಸಲಿ ಕೊಡಲು ಮನಸ್ಸಿಲ್ಲ, ಇದನ್ನೇ ಅಸಲಿಯೆಂದು ಕೊಟ್ಟುಬಿಡುತ್ತೇನೆ ಎಂದಿದ್ದರಂತೆ. ಹೆಸರು ಹೇಳಿರಲಿಲ್ಲ. ಮನೆಯ ಮಗ ಹಿತೇಶನೇ ಇರಬೇಕೆಂದು ಲಾವಣ್ಯಾ ಮತ್ತೆ ಅವನ ಸುತ್ತಲೇ ಜೋಡಿಸತೊಡಗಿದಳು. ಆದರೆ ಶಬ್ರೀನ ಚಹಾ ತಂದಿಟ್ಟು, ಅಳತೆಗೆಂದು ಅಸಲಿ ಎಂಜಿನ್ನನ್ನು ಚೀಲದಲ್ಲಿ ತರುತ್ತಿದ್ದ ಅಜ್ಜ ಹೇಗಿದ್ದಾರೆ ಎಂದು ಕೇಳಿದಳು. ಬಂದಾಗಲೆಲ್ಲ ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಿದ್ದರು, ಪಾಪ.

ಅದು ದೂಜ.

ಅಂದರೆ ನಕಲಿಯ ಸಂಗತಿ ದೂಜನಿಗೆ ಮೊದಲೇ ಗೊತ್ತಿತ್ತು. ಲಾಕಪ್ಪಿನಲ್ಲಿ ಅವಳು ಎಷ್ಟು ಸಲ ಕೇಳಿದರೂ, ಮನೆಯಲ್ಲಿ ಹೊಸತು ಏನೂ ನಡೆದಿಲ್ಲ ಎಂದೇ ಹೇಳಿದ್ದ. ಅವನನ್ನು ಬಿಡಿಸುತ್ತದೆ ಎಂದು ನಂಬಿದ ಎಂಜಿನ್ನೇ ಈಗ ಅವನನ್ನು ಇನ್ನಷ್ಟು ಬಿಗಿದು ಕಟ್ಟುವಂತಿತ್ತು.

ಅವಳು ಠಾಣೆಗೆ ಬರುವಾಗ ವಕೀಲ ದೇವಾನಂದರು ಬಾಗಿಲಲ್ಲೇ ಕಾಯುತ್ತಿದ್ದರು. ಮುಖದಲ್ಲಿ ಮದುವೆ ಮನೆಯ ಕಳೆ. ಸಾಹೇಬರು ಒಪ್ಪಿದ್ದಾರೆ, ಬೇಗ ಮಾತಾಡಿ ಮುಗಿಸಿ, ನಾನು ಅರ್ಜಿ ತಯಾರು ಮಾಡುತ್ತೇನೆ ಎಂದು ಅವರು ಇನ್‌ಸ್ಪೆಕ್ಟರ ಕೋಣೆಗೆ ಹೋದರು.

ದೂಜನನ್ನು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ಒಬ್ಬ ಕಾನ್‌ಸ್ಟೇಬಲ್. ಶರ್ಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಯಾರದೋ ಮನೆಗೆ ನೆಂಟನಾಗಿ ಬಂದವನ ಹಾಗೆ ದೂಜ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಒಳಗೆ ಕರೆದದ್ದು ಸರಿಯಾಗಿ ಆಯಿತಾ, ಬಂಗುಡೆ ಒಳ್ಳೆಯದು ಸಿಕ್ಕಿತಾ ಎಂದು ಮೊದಲು ಕೇಳಿದ. ಕಾನ್‌ಸ್ಟೇಬಲ್‌ಗೆ ತಿಳಿಯದಿರಲೆಂದು ಇಬ್ಬರೂ ತುಳುವಿನಲ್ಲೇ ಮಾತಾಡಿದರು.

ಸಿಕ್ಕಿತು ಎಂದಳು ಲಾವಣ್ಯಾ. ಆಮೇಲೆ ಅವನ ಪಕ್ಕದಲ್ಲೇ ಕುಳಿತಳು.

“ಜಹೀರನ ಮನೆಗೆ ಹೋಗಿದ್ದೆ ದೂಜಣ್ಣ. ನಕಲಿ ಮಾಡಿಸಿದ್ದು ನಿಮಗೆ ಗೊತ್ತಿತ್ತು. ನನಗೆ ಯಾಕೆ ಹೇಳಲಿಲ್ಲ?”

ದೂಜ ಅವಳನ್ನು ನೋಡಿದ. ಆ ನೋಟದಲ್ಲಿ ಅಪರಾಧಿಯ ಅಳುಕಿರಲಿಲ್ಲ. ಮಗು ಸುಳ್ಳು ಹೇಳುವಾಗ ದೊಡ್ಡವರು ಕಂಡೂ ಕಾಣದ ಹಾಗೆ ನೋಡುತ್ತಾರಲ್ಲ, ಹಾಗಿತ್ತು.

“ಗೊತ್ತಿದ್ದವರಿಗೆ ಎಂತ ಹೇಳ್ಳಿಕ್ಕುಂಟು ಲಾವಣ್ಯಕ್ಕ?”

“ನನಗೆ ಗೊತ್ತಿಲ್ಲ. ಅದನ್ನು ಮಾಮ ಯಾರಿಗೆ ಕೊಟ್ಟರು?”

“ನಿಮಗೇ ಅಲ್ವಾ? ಡಬ್ಬದಲ್ಲಿ ಹಾಕಿ ದಾದರಿನ ನಿಮ್ಮ ಮನೆಗೆ ನಾನೇ ತಂದು ಕೊಟ್ಟದ್ದು. ನೀವು ಕೆಲಸಕ್ಕೆ ಹೋಗಿದ್ರಿ. ಅಮ್ಮ ತೆಗೆದು ಒಳಗಿಟ್ರು.”

ಅಮ್ಮ ಅಂಥ ಡಬ್ಬದ ಮಾತನ್ನು ಎತ್ತಿಯೇ ಇರಲಿಲ್ಲ. ದೂಜ ಅವಳ ಉತ್ತರಕ್ಕೆ ಕಾಯಲಿಲ್ಲ. ಇಷ್ಟು ದಿನ ಒಳಗೆ ಒತ್ತಿ ಹಿಡಿದದ್ದನ್ನು, ಅವಳೇ ಕೇಳಿದಳಲ್ಲ ಎಂದು, ತಗ್ಗಿದ ದನಿಯಲ್ಲಿ ಹೇಳತೊಡಗಿದ.

ಆ ದಿನ ಅವನು ಮೀನು ತರಲು ಹೋಗಿದ್ದ. ಹಿಂದಿರುಗಿ ಬಂದಾಗ ಬಾಗಿಲು ಮುಂದೆ ಮಾಡಿತ್ತು, ಒಳಗೆ ಧಣಿ ಧನರಾಜರ ಸ್ವರ ಏರಿತ್ತು. ಈಶ್ವರ ಹೋದ, ಅದು ಈಗ ನನ್ನದು ಎಂದು ಅವರು ಹೇಳುವುದು ಕೇಳಿಸಿತು. ಮನೆಯವರು ಮಾತಾಡುವಾಗ ಬಾಗಿಲಲ್ಲಿ ನಿಂತು ಕೇಳುವುದು ಅವನಿಗೆ ಒಗ್ಗದ ಕೆಲಸ. ಮೀನಿನ ಚೀಲವನ್ನು ಹಿಡಿದುಕೊಂಡೇ ಟೆರೇಸಿಗೆ ಹೋಗಿ, ನೀರಿನ ಟಾಂಕಿಯ ನೆರಳಲ್ಲಿ ಕುಳಿತ. ಮಾತು ಮುಗಿದಿರಬಹುದೆಂದು ಕೆಳಗೆ ಬಂದಾಗ ಬಾಗಿಲು ತೆರೆದಿತ್ತು, ಧಣಿಗಳು ಕಪಾಟಿನ ಕೆಳಗೆ ಬಿದ್ದಿದ್ದರು. ಕಪಾಟಿನಲ್ಲಿ ಎಂಜಿನ್ ಇತ್ತು. ಹಿಂದಿನಿಂದ ಮುಟ್ಟಿ ನೋಡಿದ. ನುಣ್ಣಗಿತ್ತು.

“ಒಳಗೆ ಯಾರಿದ್ದರು?” ಲಾವಣ್ಯಾಳ ಸ್ವರದಲ್ಲಿ ಏರಿಳಿತವಿರಲಿಲ್ಲ.

ದೂಜ ಕಾನ್‌ಸ್ಟೇಬಲ್ ಕಡೆಗೊಮ್ಮೆ ನೋಡಿದ.

“ಹೊರಗೆ ನಿಮ್ಮ ಚಪ್ಪಲಿ ಇತ್ತು ಅಕ್ಕ. ಆ ನೀಲಿ ಬಣ್ಣದ್ದು, ಹಿಮ್ಮಡಿ ನೋವಿಗೆ ಡಾಕ್ಟ್ರು ಹೇಳಿದ್ದು. ಬಂದಾಗಲೆಲ್ಲ ನಾನೇ ಬದಿಗೆ ಇಡುವುದಲ್ವಾ, ನನಗೆ ಗುರ್ತ ಸಿಕ್ಕುದಿಲ್ವಾ? ಆಮೇಲೆ ನೋಡುವಾಗ ಇಲ್ಲ.”

ಅವಳು ಬಾಯಿ ತೆರೆದಳು. ದೂಜ ಕೈ ಎತ್ತಿ ತಡೆದ.

“ಎಂತದೂ ಹೇಳ್ಬೇಡಿ. ನಾನು ಕೇಳ್ಳಿಲ್ಲ, ಕೇಳುದೂ ಇಲ್ಲ. ಅಪ್ಪನ ಸೊತ್ತು, ಸಿಟ್ಟು ಬಂದಿರ್ತದೆ. ಬೇಕೂಂತ ಮಾಡಿದ್ದಲ್ಲಾಂತ ನನಗೆ ಗೊತ್ತುಂಟು. ಯಾರೂ ಬರ್ಲಿಲ್ಲಾಂತ ನಾನು ಪೊಲೀಸರಿಗೆ ಹೇಳಿಯಾಗಿದೆ. ಅದು ಹಾಗೇ ಇರ್ಲಿ.”

ಯಾರೂ ಬರಲಿಲ್ಲ ಎಂದು ಅವನು ಹೇಳಿದ್ದು ಇದಕ್ಕೆ. ಪೊಲೀಸರು ನೀನೇ ಎಂದಾಗ ತುಟಿ ಬಿಚ್ಚದೆ ಕುಳಿತದ್ದೂ ಇದಕ್ಕೆ. ಅವಳು ಅವನನ್ನು ಬಿಡಿಸಲು ಊರೆಲ್ಲ ಅಲೆಯುತ್ತಿದ್ದಾಗ, ಅವನು ಅವಳನ್ನು ಉಳಿಸಲೆಂದು ಇಲ್ಲಿ ಕುಳಿತಿದ್ದ.

ಆ ದಿನ ಲಾವಣ್ಯಾ ಪನ್ವೇಲಿನಲ್ಲಿದ್ದಳು. ಒಂದು ಗೋದಾಮಿನ ಬೆಂಕಿಯ ಕ್ಲೈಮು. ಬೂದಿಯ ನಡುವೆ ಓಡಾಡಬೇಕೆಂದು ಬೂಟು ಹಾಕಿಕೊಂಡು ಹೋಗಿದ್ದಳು. ಅವಳು ಹೊರಡುವಾಗ ನೀಲಿ ಚಪ್ಪಲಿ ಮನೆಯಲ್ಲೇ ಇತ್ತು. ಅವಳದೂ, ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು ಜೋಡಿಯೂ. ಒಮ್ಮೆ ಅವಳ ಚಪ್ಪಲಿ ಮೆಟ್ಟಿ ನೋಡಿದ ಅಮ್ಮ, ಕಾಲಿಗೆ ಹತ್ತಿಯ ಹಾಗಿದೆ ಎಂದಿದ್ದಳು. ಮಾರನೆಯ ದಿನವೇ ದಾದರಿನ ಅದೇ ಅಂಗಡಿಯಿಂದ ಅದೇ ಅಳತೆಯ ಜೋಡಿಯನ್ನು ತಂದುಕೊಟ್ಟವಳು ಲಾವಣ್ಯಾ.

ಅಮ್ಮ. ಅಪ್ಪ ಬಿಜಲಿಗೆ ಬಣ್ಣ ಬಳಿಯುವಾಗ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ಕೂತವಳು. ಇನ್ನೊಂದು ಮಗ್ಗುಲಿಗೂ ಬಳಿಯಬಾರದಾ ಎಂದು ಗಂಡನನ್ನು ಛೇಡಿಸಿ, ಅದು ನಿನಗೊಬ್ಬಳಿಗೇ ಕಾಣುವುದಲ್ಲವೇ ಎಂಬ ಉತ್ತರವನ್ನು ಮುದುಕಿಯಾದ ಮೇಲೂ ಹೇಳಿಕೊಂಡು ನಗುತ್ತಿದ್ದವಳು. ತಾನು ಕೇಳಿದ್ದಕ್ಕೆ ತಮ್ಮ ಕಳಿಸಿದ ಡಬ್ಬ ತೆರೆದು ಅವಳು ಮೊದಲು ನೋಡಿದ್ದು ಯಾವ ಮಗ್ಗುಲನ್ನು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಗಂಡನ ಕೈಯ ಕೆಲಸವನ್ನು ತಮ್ಮ ತನಗೇ ನಕಲಿ ಮಾಡಿ ಕೊಟ್ಟದ್ದನ್ನು ಅವಳು ಆ ಕ್ಷಣವೇ ಕಂಡಿರುತ್ತಾಳೆ. ನಕಲಿಯನ್ನು ಹೊತ್ತು ಘಾಟ್ಕೋಪರಿಗೆ ಹೋಗಿದ್ದಾಳೆ, ಅಸಲಿಯನ್ನು ಹೊತ್ತು ಹಿಂದಿರುಗಿದ್ದಾಳೆ.

ಲಾವಣ್ಯಾಳಿಗೆ ತನ್ನ ಕೈಗಳು ಎಲ್ಲಿವೆಯೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ನೋಡಿದರೆ ಮಡಿಲಲ್ಲೇ ಇದ್ದವು. ನಾನಲ್ಲ ದೂಜಣ್ಣ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಅವನು ಇನ್ನು ಯಾರಿಗಾಗಿಯೂ ಇಲ್ಲಿ ಕೂರಬೇಕಾಗಿರಲಿಲ್ಲ. ಹಾಗೆಂದರೆ ಮುಂದಿನ ಪ್ರಶ್ನೆ, ಹಾಗಾದರೆ ಅದು ಯಾರ ಚಪ್ಪಲಿ.

ದೇವಾನಂದರು ಲಗುಬಗೆಯಿಂದ ಬಂದು ಎದುರಿನ ಕುರ್ಚಿ ಎಳೆದುಕೊಂಡರು. ತೊಡೆಯ ಮೇಲೆ ಕಾಗದ ಇಟ್ಟು, ಪೆನ್ನಿನ ಮುಚ್ಚಳ ತೆಗೆದರು. ನಾಳೆ ಎಲ್ಲವೂ ನಿಂತಿರುವುದು ಒಂದೇ ಮಾತಿನ ಮೇಲೆ, ಆ ದಿನ ಮನೆಗೆ ಹೊರಗಿನಿಂದ ಒಬ್ಬರು ಬಂದಿದ್ದರು ಎಂದು ದೂಜ ಹೇಳಿದರೆ ಸಾಕು, ಜಾಮೀನು ಸಿಕ್ಕೇ ಸಿಗುತ್ತದೆ ಎಂದರು.

“ಏನಪ್ಪ, ಯಾರಾದರೂ ಬಂದಿದ್ದರಾ?”

ದೂಜ ಲಾವಣ್ಯಾಳ ಕಡೆ ತಿರುಗಿದ.

“ಅಕ್ಕ ಹೇಳಿದ ಹಾಗೆ ವಕೀಲರೇ,” ಎಂದ.

ಇಬ್ಬರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಲಾವಣ್ಯಾ ಯೋಚಿಸಬೇಕೆಂದುಕೊಂಡಳು. ಅಷ್ಟರಲ್ಲಿ ಯಾರೋ ಮಾತಾಡಿದ್ದು ಕೇಳಿಸಿತು, ಸ್ವರ ಅವಳದೇ ಆಗಿತ್ತು.

“ಇಲ್ಲ. ಯಾರೂ ಬಂದಿರಲಿಲ್ಲ.”

ದೂಜ ತಲೆಯಾಡಿಸಿ, ಕಾನ್‌ಸ್ಟೇಬಲ್ ಹೇಳುವ ಮೊದಲೇ ಎದ್ದು ಒಳಗೆ ನಡೆದ.